ಎತ್ತಿಟ್ಟ ಪಾಲು

ತಾಸ್‌ಬುಲಾಕ್
12 ಜೂನ್ 1998

ನನ್ನ ಎರ್ಕೆಜಾನ್,

ನೀನು, ನಿನ್ನ ಗಂಡ, ನಿನ್ನ ಇಬ್ಬರು ತುಂಟರು ಎಲ್ಲ ಚೆನ್ನಾಗಿದೀರಾ? ಊರಲ್ಲಾಗಿದ್ರೆ ಮೊದಲು ಕುದುರೆ ಕುರಿ ಚೆನ್ನಾಗಿವೆಯಾ ಅಂತ ಕೇಳಿ ಆಮೇಲೆ ನಿಮ್ಮನ್ನ ಕೇಳ್ತಿದ್ದೆ. ಕರಗಂಡಾದಲ್ಲಿ ಐದನೇ ಮಹಡಿಯಲ್ಲಿ ಕೂತೋಳಿಗೆ ಏನು ಕೇಳೋದು?

ಲಕೋಟೆ ಮೇಲಿನ ಅಕ್ಷರ ನೋಡಿ ಯಾರದಪ್ಪಾ ಅಂದ್ಕೋಬೇಡ. ಅಂಚೆಮನೆ ಜೈನಾಪ್ ಕೈಲಿ ಬರೆಸಿದ್ದು. ಸೊಸೆಯಾಗಿ ಬಂದವಳು ಗಂಡನ ಕಡೆಯೋರ ಹೆಸರು ಬಾಯಲ್ಲೂ ಆಡಬಾರದು, ಕೈಯಲ್ಲೂ ಬರೀಬಾರದು ಅಂತ ನಿಮ್ಮಮ್ಮ ಹೇಳಿಕೊಟ್ಟಿದ್ದು ನನಗಿನ್ನೂ ಬಿಟ್ಟಿಲ್ಲ. "ಅತ್ತೆ ಹೋಗಿ ಮೂರು ವರ್ಷ ಆಯ್ತು, ಇನ್ನೂ ಯಾರಿಗೇ ಹೆದರ್ತೀಯ?" ಅಂತ ಜೈನಾಪ್ ಬೈತಾಳೆ. "ಎರ್ಕೆಜಾನ್ ಅಂತ ನಾನಿಟ್ಟ ಮುದ್ದಿನ ಹೆಸರನ್ನೇ ಬರಿ, ಸೇರುತ್ತೆ" ಅಂದ್ರೆ, "ನಿನ್ನ ನಾದಿನಿಯೇನು ಕರಗಂಡಾಗೆ ರಾಣಿನಾ?" ಅಂತಾಳೆ. ಹೂಂ, ಹೌದು ಅಂದೆ.

ಸುದ್ದಿ ಏನಂದ್ರೆ ನಿಮ್ಮಣ್ಣನಿಗೆ ಕೆಲಸ ಸಿಕ್ತು. ಎಲ್ಲಿ ಅಂತೀಯ? ಬೆಟ್ಟದಲ್ಲಿ. ಹೂಂ ಕಣೇ, ಅದೇ ಬೆಟ್ಟ. ನಾವು ಚಿಕ್ಕೋರಿದ್ದಾಗ ಸೈನಿಕರು ಬಂದು ಎಲ್ಲರನ್ನೂ ಮನೆಯಿಂದ ಹೊರಗೆ ಅಟ್ಟಿ ಹಳ್ಳದಲ್ಲಿ ಬೋರಲು ಮಲಗಿಸ್ತಿದ್ರಲ್ಲ, ಹೊಟ್ಟೆ ಕೆಳಗೆ ನೆಲ ತೂಗ್ತಿತ್ತಲ್ಲ, ಆ ಬೆಟ್ಟ. ಸುರಂಗ ಕೊರೆದು ಅದರೊಳಗೆ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡ್ತಿದ್ದೋರು ಎಲ್ಲ ಬಿಟ್ಟು ಎದ್ದು ಹೋದ್ರು. ಈಗ ಯಾವುದೋ ಕಂಪನಿಯೋರು ಬಂದಿದಾರೆ. ಸುರಂಗದ ಬಾಯಿಗೆಲ್ಲ ಕಾಂಕ್ರೀಟ್ ತುಂಬ್ತಾರಂತೆ, ಕೆಟ್ಟ ಮಣ್ಣು ಕೆರೆದು ಗುಂಡಿಗೆ ಹಾಕ್ತಾರಂತೆ, ಬೆಟ್ಟ ಚೊಕ್ಕ ಮಾಡಿಕೊಡ್ತಾರಂತೆ. ಯಾರಿಗೂ ಹೇಳಬಾರದು ಅಂತ ಸಹಿ ಹಾಕಿಸ್ಕೊಂಡಿದಾರೆ. ನಿಮ್ಮಣ್ಣ ನನಗೆ ಹೇಳಿದ್ರು, ನಾನು ನಿನಗೆ ಹೇಳಿದೀನಿ, ನೀನು ಬಾಯಿ ಮುಚ್ಕೊಂಡಿರು.

ಅವರು ಯಾಕೆ ಒಪ್ಪಿಕೊಂಡ್ರು ಅಂತ ನಿನಗೆ ಗೊತ್ತು. ನಿಮ್ಮಮ್ಮನ ವರ್ಷದ ಊಟಕ್ಕೆ ಬಂದಾಗ ನೀನೊಂದು ಮಾತು ಆಡಿದ್ದೆ. ಇನ್ನೊಂದು ಹುಟ್ಟಿದ್ರೆ ಅದು ಅಣ್ಣನ ಮಡಿಲಿಗೆ ಅಂತ. ನೆನಪು ಮಾಡ್ತಿಲ್ಲ ಕಣೇ, ಹಾಗೆ ಹೇಳಿದೆ ಅಷ್ಟೇ. ಅವರು ಮಾತ್ರ ಮಗು ಬರೋ ಮನೆ ಗುಡಿಸೋ ಹಾಗೆ ದಿನಾ ಬೆಟ್ಟಕ್ಕೆ ಹೋಗ್ತಿದಾರೆ.

ನಿನ್ನ ಅತ್ತಿಗೆ
ಬಾತಿಮಾ

*

ಕರಗಂಡಾ
20 ಸೆಪ್ಟೆಂಬರ್ 1998

ಅತ್ತಿಗೆ,

ಕೂತ್ಕೊಂಡು ಓದಿ. ಒಲೆ ಮೇಲೆ ಹಾಲಿದ್ರೆ ಮೊದಲು ಇಳಿಸಿ.

ನನಗೆ ಮೂರನೆಯದು. ಮಾರ್ಚ್ ಕೊನೆಗೆ ಅಂತಾರೆ ಡಾಕ್ಟರು. ಕೊಟ್ಟ ಮಾತು ನೆನಪಿದೆ ಅತ್ತಿಗೆ, ನೀವು ನೆನಪು ಮಾಡದೆ ನೆನಪು ಮಾಡಿದ್ದೂ ಗೊತ್ತಾಯ್ತು. ದೌಲೆಟ್ ಒಂದು ವಾರ ಮುಖ ಊದಿಸ್ಕೊಂಡು ಓಡಾಡಿದ್ರು. "ಹೆತ್ತಿದ್ದನ್ನ ಕೊಡೋದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ" ಅಂದ್ರು. ನಮ್ಮಜ್ಜಿ ತನ್ನ ಮಗನನ್ನ ಮಕ್ಕಳಿಲ್ಲದ ಮೈದುನನಿಗೆ ಕೊಟ್ಟಿರಲಿಲ್ವಾ ಅಂದೆ. ಕೊನೆಗೆ, "ಭಾವನ ಮನೆ ಅಂದ್ರೆ ಬೇರೆ ಮನೆ ಅಲ್ಲ, ಆಗಲಿ" ಅಂದ್ರು.

ಆದ್ರೆ ಒಂದು ಕೇಳ್ತಾರೆ, ನಾನೂ ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ. ಬೆಟ್ಟ ನಿಜವಾಗ್ಲೂ ಚೊಕ್ಕ ಆಗುತ್ತಾ? ಅಣ್ಣನ್ನ ಕೇಳಿ ಬರೀರಿ. ಸುಳ್ಳು ಬರೀಬೇಡಿ.

ನಿಮ್ಮ
ಗುಲ್ಬರ್ಶಿನ್

*

ತಾಸ್‌ಬುಲಾಕ್
8 ಅಕ್ಟೋಬರ್ 1998

ಎರ್ಕೆಜಾನ್, ನನ್ನ ಕಣ್ಣೇ,

ಹಾಲು ಇಳಿಸಲಿಲ್ಲ. ಉಕ್ಕಿ ಒಲೆಯೆಲ್ಲ ಹಾಳಾಯ್ತು. ಹಾಳಾಗಲಿ.

ನಿಮ್ಮಣ್ಣ ಕಾಗದ ಓದಿ ಎದ್ದು ಹೋಗಿ ಕೊಟ್ಟಿಗೆಯಲ್ಲಿ ನಿಂತ್ರು. ಹೋಗಿ ನೋಡ್ತೀನಿ, ಕುದುರೆ ಕತ್ತಿಗೆ ಹಣೆ ಇಟ್ಟು ಅಳ್ತಿದಾರೆ. ನನ್ನ ನೋಡಿ, "ಕಣ್ಣಿಗೆ ಹುಲ್ಲಿನ ಧೂಳು ಬಿತ್ತು" ಅಂದ್ರು. "ಎರಡೂ ಕಣ್ಣಿಗೂ ಬಿತ್ತಾ?" ಅಂದೆ.

ನೀನು ಕೇಳಿದ್ದನ್ನ ಕೇಳಿದೆ. ಅವರಿಗೆ ಸಿಟ್ಟೇ ಬಂತು. "ನನ್ನ ಕೈಯಾರೆ ಮುಚ್ಚಿದ್ದು. ಒಂದೊಂದು ಬಾಯಿಗೂ ಲಾರಿಗಟ್ಟಲೆ ಕಾಂಕ್ರೀಟ್ ಹಾಕಿದೀವಿ. ಒಳಗಿನ ಇಲಿ ಕೂಡ ಹೊರಗೆ ಬರಲ್ಲ" ಅಂದ್ರು. ಕೆಳಗಿನ ಬಯಲಲ್ಲಿ ಮಣ್ಣು ಕೆರೆಯೋರು ತಲೆಯಿಂದ ಕಾಲವರೆಗೆ ಬಿಳಿ ಬಟ್ಟೆ ಹಾಕ್ಕೋತಾರಂತೆ. ಇವರಿಗೆ ಮೂಗಿಗೊಂದು ಬಟ್ಟೆ ಕೊಟ್ಟಿದಾರೆ. ಸೆಕೆಗೆ ಅದನ್ನೂ ಕತ್ತಿಗೆ ಇಳಿಸ್ಕೊಂಡು ಕೆಲಸ ಮಾಡ್ತಾರೆ ಅನ್ನೋದು ನನಗೆ ಗೊತ್ತು, ಕತ್ತಿನಲ್ಲಿ ಅದರ ಗುರುತಿದೆ.

ಇನ್ನೊಂದು ಖುಷಿ ಕೇಳು. ಈ ಸಲ ಬೇಸಿಗೆ ಹುಲ್ಲುಗಾವಲನ್ನೆಲ್ಲ ಸುಟ್ಟು ಹಾಕ್ತು, ನೆರೆಮನೆ ಕುದುರೆಗಳ ಪಕ್ಕೆಲುಬು ಎಣಿಸಬಹುದು. ನಮ್ಮ ಕಂದು ಕುದುರೆ ಮಾತ್ರ ಮದುವಣಗಿತ್ತಿ ಹಾಗೆ ಮಿಂಚ್ತಿದೆ. ನಿಮ್ಮಣ್ಣ ಕೆಲಸಕ್ಕೆ ಅದರ ಮೇಲೇ ಹೋಗೋದು. ಬೆಟ್ಟದ ಬುಡದಲ್ಲಿ ಒಂದು ತೊರೆ ಹರಿಯುತ್ತಲ್ಲ, ಅದರ ದಡದಲ್ಲಿ ಮಾತ್ರ ಮೊಣಕಾಲುದ್ದ ಹಸಿರು ಹುಲ್ಲು. ಇವರು ಕಾಂಕ್ರೀಟ್ ಹಾಕೋವಷ್ಟು ಹೊತ್ತೂ ಅದು ಅಲ್ಲೇ ಮೇಯುತ್ತೆ. ಚಳಿಗಾಲದ ಮಾಂಸಕ್ಕೆ ಅದನ್ನೇ ಕಡಿಯೋದು ಅಂತ ಆಗಿದೆ. ಗೊಡ್ಡು ಕುದುರೆಗೇ ಕೊಬ್ಬು ಹೆಚ್ಚು ಅಂತ ಹೆಂಗಸರು ನನ್ನ ಕಡೆ ನೋಡಿ ನಗ್ತಾರೆ. ನಗಲಿ ಬಿಡು. ಮಾರ್ಚ್ ಬರಲಿ.

ಬಾತಿಮಾ

*

ತಾಸ್‌ಬುಲಾಕ್
6 ಡಿಸೆಂಬರ್ 1998

ಎರ್ಕೆಜಾನ್,

ಕುದುರೆ ಕಡಿದ್ವಿ. ಪಕ್ಕೆಯಲ್ಲಿ ನಾಲ್ಕು ಬೆರಳು ದಪ್ಪ ಕೊಬ್ಬು! ನಾಲ್ಕು ಕಣೇ! ಊರಿನೋರೆಲ್ಲ ಬಂದು ಬೆರಳಿಟ್ಟು ಅಳೆದು ಹೋದ್ರು. ಮುದುಕ ಕಪೆಜ಼್ ಎರಡು ಸಲ ಅಳೆದ, ಬೆರಳು ನೆಕ್ಕೋದಕ್ಕೆ.

ನಿನ್ನ ಪಾಲು ಎತ್ತಿಟ್ಟಿದೀನಿ. ಪಕ್ಕೆಲುಬು ಸಮೇತ ಕರುಳಲ್ಲಿ ತುಂಬಿದ ಉದ್ದನೆ ಕಜೀ ಎರಡು, ಒಂದು ಕಾಲೆಲುಬು, ನಿನ್ನ ಗಂಡನಿಗೆ ಎದೆ ಮಾಂಸ. ಉಪ್ಪು ಸವರಿ ಹೊಗೆಗೆ ಹಿಡಿದು ಉಗ್ರಾಣದ ತೊಲೆಗೆ ಕಟ್ಟಿದೀನಿ. ನೀನು ಬಂದು ತಿನ್ನೋವರೆಗೆ ಅದನ್ನ ಯಾರೂ ಮುಟ್ಟಲ್ಲ. ನಮಗೇ ಹಸಿವಾದ್ರೂ ಮುಟ್ಟಲ್ಲ.

ಬೆಟ್ಟದ ಕೆಲಸ ಮುಗೀತು. ಕಂಪನಿಯೋರು ಡೇರೆ ಹಾಕಿ ಊಟ ಹಾಕಿದ್ರು, ನಿಮ್ಮಣ್ಣನ ಕೈ ಕುಲುಕಿ ಫೋಟೋ ತೆಗೆದ್ರು. ಇನ್ನು ಇಲ್ಲಿ ಹೆದರಿಕೆ ಇಲ್ಲ ಅಂತ ದೊಡ್ಡ ಸಾಹೇಬ ಭಾಷಣ ಮಾಡಿದನಂತೆ. ಹೊರಡೋಕೆ ಮುಂಚೆ ತೊರೆ ಸುತ್ತ ಮುಳ್ಳುತಂತಿ ಬೇಲಿ ಹಾಕಿದ್ರಂತೆ. ಬೆಟ್ಟ ಚೊಕ್ಕ ಆದ ಮೇಲೆ ಬೇಲಿ ಯಾಕೆ ಅಂತ ಕೇಳಿದೆ. "ನಿನಗೆ ಎಲ್ಲಾದ್ರಲ್ಲೂ ಒಂದು ಹುಳುಕು" ಅಂದ್ರು. ಬೇಲಿಯ ಕಂಬಗಳು ಆಗಲೇ ಊರಿನ ಕುರಿದೊಡ್ಡಿಗಳಿಗೆ ಬಂದು ನಿಂತಿವೆ. ನಮ್ಮ ದೊಡ್ಡಿಗೂ ಎರಡು ಬಂದಿವೆ, ನಾನು ಕೇಳಲಿಲ್ಲ.

ನೀನು ಹೇಗಿದೀಯ? ಕಾಲು ಊದಿದ್ರೆ ದಿಂಬಿನ ಮೇಲಿಟ್ಟು ಮಲಗು. ಒಗೆಯೋದು ಎತ್ತೋದು ಮಾಡಬೇಡ.

ಬಾತಿಮಾ

*

ಕರಗಂಡಾ
30 ಜನವರಿ 1999

ಜಿಪುಣಿ ಅತ್ತಿಗೆ,

ಈ ಬಸುರಿಗೆ ಬಯಕೆ ಶುರುವಾಗಿದೆ. ಏನು ಅಂತೀರಾ? ನೀವು ಆ ಹಾಳು ಕಾಗದದಲ್ಲಿ ನಾಲ್ಕು ಬೆರಳು ಅಂತ ಬರೆದಾಗಿಂದ ಕಣ್ಣು ಮುಚ್ಚಿದ್ರೂ ಕಜೀ, ತೆರೆದ್ರೂ ಕಜೀ. ಮಾರುಕಟ್ಟೆಯಿಂದ ದೌಲೆಟ್ ತಂದುಕೊಟ್ರು, ಬಾಯಿಗಿಟ್ಟೆ, ಉಗಿದೆ. ಅದು ನಮ್ಮನೆಯದಲ್ಲ. ನನಗೆ ನಮ್ಮೂರಿನ ಕುದುರೆ, ನಿಮ್ಮ ಕೈಯ ಉಪ್ಪು, ಆ ಉಗ್ರಾಣದ ಹೊಗೆ ಬೇಕು. ನಿದ್ದೆ ಬರಲ್ಲ ಅತ್ತಿಗೆ, ನಗಬೇಡಿ, ಅಳು ಬರುತ್ತೆ.

ಬಂದು ತಿಂದು ಹೋಗೋಣ ಅಂದ್ರೆ ಡಾಕ್ಟರು ಬಿಡ್ತಿಲ್ಲ. ರಕ್ತದೊತ್ತಡ ಅಂತೆ, ಆ ರಸ್ತೆಯಲ್ಲಿ ಬಸ್ಸು ಕುಲುಕಿದ್ರೆ ಅಪಾಯ ಅಂತೆ. ಕಪೆಜ಼್ ಅಜ್ಜನ ಮಗ ಲಾರಿ ತಗೊಂಡು ಇಲ್ಲಿಗೆ ಬರ್ತಾನಲ್ಲ, ಅವನ ಕೈಲಿ ಕಳಿಸಿ. ಒಂದೇ ಒಂದು ಕಜೀ. ಬಸುರಿಯ ಬಯಕೆ ತೀರಿಸದಿದ್ರೆ ಮಗು ಬಾಯಲ್ಲಿ ಜೊಲ್ಲು ನಿಲ್ಲಲ್ಲ ಅಂತಾರೆ. ಜೊಲ್ಲು ಒರೆಸೋಳು ನೀವೇ, ನೋಡ್ಕೊಳ್ಳಿ!

ಗುಲ್ಬರ್ಶಿನ್

*

ತಾಸ್‌ಬುಲಾಕ್
20 ಫೆಬ್ರವರಿ 1999

ಎರ್ಕೆಜಾನ್,

ಬೈಯಿ, ಇನ್ನೂ ಬೈಯಿ. ಕಳಿಸಲ್ಲ.

ಎತ್ತಿಟ್ಟ ಪಾಲನ್ನ ಲಾರಿಯಲ್ಲಿ ಕಳಿಸೋದು ಎಲ್ಲಾದ್ರೂ ಉಂಟೇನೇ? ಅದು ಕಾಯಬೇಕು, ನೀನು ಬರಬೇಕು, ನಾನು ಮಾಂಸ ಬೇಯಿಸಬೇಕು, ನಿಮ್ಮಣ್ಣ ಕೊಯ್ದು ನಿನ್ನ ತಟ್ಟೆಗೆ ಹಾಕಬೇಕು. ಕಳಿಸಿಬಿಟ್ರೆ ನೀನು ಬರೋದು ಯಾಕೆ? ನಿಮ್ಮಮ್ಮ ಸಾಯೋ ವರ್ಷ ಕೂಡ ನಿನ್ನ ಪಾಲು ಬೇಸಿಗೆವರೆಗೂ ಕಾದಿತ್ತು. ಮಗು ಎತ್ಕೊಂಡು ಬರ್ತೀಯಲ್ಲ, ಅವತ್ತು ತಿನ್ನು. ಅಲ್ಲಿವರೆಗೆ ನನ್ನ ಶಪಿಸ್ತಾ ಇರು, ಜೊಲ್ಲು ನಾನು ಒರೆಸ್ತೀನಿ.

ನಿಮ್ಮಣ್ಣ ಅಂತೂ ನನ್ನ ಜೊತೆ ಜಗಳ ಆಡಿದ್ರು. "ಬಸುರಿ ಹುಡುಗಿ ಬಾಯಿಬಿಟ್ಟು ಕೇಳಿದಾಳೆ, ನೀನೆಂಥ ಕಲ್ಲು" ಅಂದ್ರು. ಮೂರು ದಿನ ಮಾತು ಬಿಟ್ರು. ನಾನೂ ಬಿಟ್ಟೆ. ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.

ಬೂದು ಕುದುರೆಯ ಮರಿ ಇದೆಯಲ್ಲ, ಕಳೆದ ವರ್ಷದ್ದು, ಹಣೆಯಲ್ಲಿ ಬಿಳಿ ಚುಕ್ಕೆ. ಅದನ್ನ ಮಗುವಿಗೆ ಅಂತ ಮೀಸಲು ಮಾಡಿದಾರೆ. ಬಾಲದ ಕೂದಲಿಗೆ ಕೆಂಪು ದಾರ ಕಟ್ಟಿದಾರೆ. ಇನ್ನು ಅದರ ಮೇಲೆ ಯಾರೂ ಹತ್ತಬಾರದಂತೆ.

ಬಾತಿಮಾ

*

ಕರಗಂಡಾ
8 ಏಪ್ರಿಲ್ 1999

ಅತ್ತಿಗೆ, ಅಣ್ಣ,

ನಿಮಗೆ ಹೆಣ್ಣುಮಗು ಹುಟ್ಟಿದೆ.

ಮಾರ್ಚ್ 29ಕ್ಕೆ. ತಲೆ ತುಂಬ ಕಪ್ಪು ಕೂದಲು, ಅಣ್ಣನ ಹಾಗೇ ಚಪ್ಪಟೆ ಹಣೆ, ಗಂಟಲು ಮಾತ್ರ ಅತ್ತಿಗೆದು. ಆಸ್ಪತ್ರೆಯೆಲ್ಲ ಎದ್ದು ಕೂರೋ ಹಾಗೆ ಕೂಗ್ತಾಳೆ. ಬೆರಳು ಎಲ್ಲ ಸರಿಯಾಗಿದೆ. ನಾನು ಎಣಿಸಿದೆ, ದೌಲೆಟ್ ಎಣಿಸಿದ್ರು, ಮತ್ತೆ ನಾನು ಎಣಿಸಿದೆ. ನಮ್ಮ ಕಡೆಯೋರು ಮಗು ಹುಟ್ಟಿದ ತಕ್ಷಣ ಯಾಕೆ ಹೀಗೆ ಎಣಿಸ್ತಾರೆ ಅಂತ ಇಲ್ಲಿನ ದಾದಿಗೆ ಅರ್ಥವಾಗಲಿಲ್ಲ.

ಹೆಸರಿಟ್ಟಿಲ್ಲ. ಅದು ನಿಮ್ಮದು. ಅಣ್ಣನೇ ಅವಳ ಕಿವಿಯಲ್ಲಿ ಹೆಸರು ಹೇಳಬೇಕು. ಹುಡುಗರು ಅವಳನ್ನ "ಪಾಪು" ಅಂತಾರೆ. ಎದೆಹಾಲು ಕೊಡುವಾಗ ನಾನು ಆದಷ್ಟು ಗೋಡೆ ನೋಡ್ತೀನಿ. ಅಭ್ಯಾಸ ಆಗಬಾರದಲ್ಲ ಅತ್ತಿಗೆ.

ನಲವತ್ತು ದಿನ ಮುಗಿಸಿಕೊಂಡು ಮೇ ಹನ್ನೆರಡಕ್ಕೆ ಹೊರಡ್ತೀವಿ, ಟಿಕೆಟ್ ತಗೊಂಡಾಯ್ತು. ನೀರು ಕಾಯಿಸಿಡಿ. ನನ್ನ ಪಾಲು ಇನ್ನೂ ಇದೆ ತಾನೆ? ಅರ್ಧ ಅದಕ್ಕೇ ಬರ್ತಿರೋದು.

ಗುಲ್ಬರ್ಶಿನ್

*

ತಂತಿ
5 ಮೇ 1999

ಬರಬೇಡಿ. ಟಿಕೆಟ್ ವಾಪಸ್ ಮಾಡಿ. ಎಲ್ಲರೂ ಬದುಕಿದೀವಿ. ಕಾಗದ ಬರುತ್ತೆ. ಬಾತಿಮಾ

*

ತಾಸ್‌ಬುಲಾಕ್
6 ಮೇ 1999

ಗುಲ್ಬರ್ಶಿನ್,

ನಿನ್ನ ಹೆಸರು ಮೊದಲನೇ ಸಲ ಬರೀತಿದೀನಿ. ಲಕೋಟೆ ಮೇಲೂ ನಾನೇ ಬರೀತೀನಿ. ನಿಮ್ಮಮ್ಮ ಇದ್ದಿದ್ರೆ ಕೈ ಮೇಲೆ ಹೊಡೀತಿದ್ರು. ಮುದ್ದಿನ ಹೆಸರಲ್ಲಿ ಕರೆದು ಹೇಳೋ ಮಾತಲ್ಲ ಇದು, ಅದಕ್ಕೆ.

ಏಪ್ರಿಲ್ ಮೊದಲಲ್ಲಿ, ಇನ್ನೂ ನಿನ್ನ ಕಾಗದ ಬಂದಿರಲಿಲ್ಲ, ಪಟ್ಟಣದಿಂದ ಒಬ್ಬ ಹೆಂಗಸು ಬಂದ್ಲು. ಹೆಸರು ಕಾಮ್‌ಶಾತ್, ನಮ್ಮೋಳೇ. ಬೆಟ್ಟದ ಸುತ್ತಲಿನ ಊರುಗಳಲ್ಲಿ ನೀರು, ಹಾಲು, ಮಾಂಸ ಪರೀಕ್ಷೆಗೆ ತಗೊಂಡು ಹೋಗೋದು ಅವಳ ಕೆಲಸ. ನಮ್ಮನೆಯಲ್ಲೇ ಇಳಿದ್ಲು. ಚಳಿಗಾಲದ ಮಾಂಸ ಇದ್ರೆ ಸ್ವಲ್ಪ ಕೊಡಿ ಅಂದ್ಲು. ಎಲ್ಲ ತಿಂದು ಮುಗಿಸಿದ್ವಿ, ತೊಲೆಯಲ್ಲಿ ಉಳಿದಿದ್ದು ನಿನ್ನ ಪಾಲೊಂದೇ. ಅದು ನನ್ನ ನಾದಿನಿಯದು, ಕೊಡೋಕೆ ನನಗೆ ಹಕ್ಕಿಲ್ಲ ಅಂದೆ. ಎಷ್ಟು ಕೇಳಿದ್ರೂ ಆಗಲ್ಲ ಅಂದೆ. ಆಮೇಲೆ ಅವಳು, "ಅಕ್ಕಾ, ನಿಮ್ಮ ನಾದಿನಿ ಬಸುರಿ ಅಂದ್ರಲ್ಲ, ಅವಳಿಗೋಸ್ಕರ ಕೊಡಿ" ಅಂದ್ಲು. ಕಾಲೆಲುಬಿನ ಪಕ್ಕದಿಂದ ಹೆಬ್ಬೆರಳಷ್ಟು ಕೊಯ್ದುಕೊಟ್ಟೆ. ಕುದುರೆ ಎಲ್ಲಿ ಮೇಯ್ತಿತ್ತು ಅಂತ ಕೇಳಿದ್ಲು. ಹೆಮ್ಮೆಯಿಂದ ಹೇಳಿದೆ. ಅವಳು ಬರೀತಿದ್ದೋಳು ಕೈ ನಿಲ್ಲಿಸಿದ್ಲು. ನನಗೆ ಆಗಲೇ ಗೊತ್ತಾಯ್ತು ಕಣೇ. ಗೊತ್ತಾಗದ ಹಾಗೆ ಚಹಾ ಬಗ್ಗಿಸಿದೆ.

ಹೋದ ಶುಕ್ರವಾರ ಮತ್ತೆ ಬಂದ್ಲು. ಫಲಿತಾಂಶ ಊರಿನೋರಿಗೆ ಹೇಳೋ ಹಾಗಿಲ್ಲವಂತೆ, ಹೇಳೋಕಂತಲೇ ಬಂದಿದ್ಲು. ಬೆಟ್ಟದೊಳಗಿಂದ ಬರೋ ನೀರೇ ಆ ತೊರೆಗೆ ಮೂಲ. ಸುರಂಗದ ಬಾಯಿ ಮುಚ್ಚಿದ್ರೆ ನೀರು ಸುಮ್ಮನಿರುತ್ತಾ, ಪಕ್ಕದಲ್ಲಿ ದಾರಿ ಮಾಡ್ಕೊಂಡು ಬರ್ತಿದೆ. ಒಳಗೆ ಇದ್ದಿದ್ದನ್ನೆಲ್ಲ ತಗೊಂಡು ಬರ್ತಿದೆ. ಆ ಹುಲ್ಲು ಹಸಿರಾಗಿದ್ದು ಅದರಿಂದ, ನಮ್ಮ ಕುದುರೆ ಕೊಬ್ಬಿದ್ದು ಅದರಿಂದ. "ಈ ಮಾಂಸ ಬಸುರಿಗೆ, ಮಕ್ಕಳಿಗೆ ಕೊಡಬೇಡಿ. ನಾಯಿಗೂ ಹಾಕಬೇಡಿ" ಅಂದ್ಲು. ನಾವು ತಿಂದಿದ್ದೀವಲ್ಲ, ಚಳಿಗಾಲವಿಡೀ ಅಂದೆ. ಅವಳು ನನ್ನ ಕೈ ಹಿಡ್ಕೊಂಡ್ಲು. ಮುಚ್ಚೋಕೆ ಮತ್ತೆ ಯಾರಾದ್ರೂ ಬರ್ತಾರಾ ಅಂದೆ. ಕಡತದಲ್ಲಿ ಬೆಟ್ಟದ ಕೆಲಸ ಮುಗಿದಿದೆ ಅಕ್ಕಾ ಅಂದ್ಲು.

ನಿನಗೆ ಕಳಿಸಲಿಲ್ಲವಲ್ಲ, ಅವತ್ತೆಲ್ಲ ಆ ಜಿಪುಣತನವನ್ನೇ ನೆನೆಸ್ಕೊಂಡೆ. ನಾನೇನು ತಿಳಿದು ಮಾಡಿದ್ದಾ? ಹಟಕ್ಕೆ ಮಾಡಿದ್ದು. ನಿಮ್ಮಣ್ಣನ ಮಾತು ಕೇಳಿದ್ದಿದ್ರೆ, ಕಪೆಜ಼್ ಮಗನ ಲಾರಿಗೆ ಒಂದು ಕಜೀ ಹಾಕಿದ್ದಿದ್ರೆ! ಆ ಯೋಚನೆ ಬಂದಾಗಲೆಲ್ಲ ಎದ್ದು ಅಂಗಳದಲ್ಲಿ ಓಡಾಡ್ತೀನಿ.

ನಿಮ್ಮಣ್ಣ ನಂಬಲಿಲ್ಲ. ಕಾಮ್‌ಶಾತ್‌ಗೆ ಬಾಯಿಗೆ ಬಂದ ಹಾಗೆ ಬೈದ್ರು, ಮನೆಗೆ ಬಂದ ಅತಿಥಿ ಅಂತಲೂ ನೋಡಲಿಲ್ಲ. "ನಾನು ಮುಚ್ಚಿದ ಬೆಟ್ಟ ಅದು" ಅಂತ ಕೂಗಿದ್ರು. ಮಾರನೇ ದಿನ ಕುದುರೆ ಹತ್ತಿ ಹೋದ್ರು. ಅವರು ಮುಚ್ಚಿದ ಬಾಯಿ ಹಾಗೇ ಗಟ್ಟಿಯಾಗಿದೆಯಂತೆ, ಒಂದು ಬಿರುಕೂ ಇಲ್ಲವಂತೆ. ಅದರ ಪಕ್ಕದ ಬಂಡೆಯಿಂದ ನೀರು ಬರ್ತಿದೆಯಂತೆ, ತಿಳಿಯಾಗಿ, ಕುಡಿಯೋ ಹಾಗೆ. ಅದಷ್ಟೇ ಹೇಳಿದ್ರು. ಕಂಪನಿಯೋರು ತೆಗೆದ ಫೋಟೋ ಗೋಡೆಯಲ್ಲಿತ್ತು, ಈಗಿಲ್ಲ. ಎಲ್ಲಿಟ್ರೋ ನಾನು ಕೇಳಿಲ್ಲ.

ಆ ಕುದುರೆಮರಿಯೂ ಅದರ ತಾಯಿಯೂ ಕಳೆದ ಬೇಸಿಗೆ ಆ ತೊರೆಯಲ್ಲೇ ನೀರು ಕುಡಿದಿದ್ದು. ನಿಮ್ಮಣ್ಣ ಬಾಲದ ಕೆಂಪು ದಾರ ಬಿಚ್ಚಿ, ಮರಿಯನ್ನ ದೂರದ ಬಯಲಿಗೆ ನಡೆಸ್ಕೊಂಡು ಹೋಗಿ ಬಿಟ್ಟು ಬಂದ್ರು. ಅವರು ಮನೆ ಮುಟ್ಟೋ ಮೊದಲೇ ಅದು ಬಂದು ಬಾಗಿಲಲ್ಲಿ ನಿಂತಿತ್ತು. ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ರು.

ಗುಲ್ಬರ್ಶಿನ್, ನಾನು ಮೂರು ಸಲ ಬಸುರಾದೆ. ಮೂರನ್ನೂ ಈ ಊರಿನ ಮಣ್ಣಿಗೇ ಕೊಟ್ಟೆ. ಕೊನೆಯದರ ಮುಖ ನಿಮ್ಮಮ್ಮ ನನಗೆ ತೋರಿಸಲಿಲ್ಲ, ಯಾಕೆ ಅಂತ ನಾನೂ ಕೇಳಲಿಲ್ಲ. ನಿನ್ನ ಮಗಳು ನನಗೆ ಬೇಕು. ಬೇಡ ಅಂತ ನೀನು ತಿಳ್ಕೋಬೇಡ, ದೌಲೆಟ್ ಹಾಗೆ ತಿಳ್ಕೊಳ್ಳದ ಹಾಗೆ ನೋಡ್ಕೋ. ತೊಟ್ಟಿಲು ತೊಳೆದು ಬಿಸಿಲಿಗಿಟ್ಟಿದ್ದೆ, ಅದರ ಮೇಲೆ ಹೊದಿಸೋಕೆ ಬಟ್ಟೆ ಹೊಲಿದಿದ್ದೆ. ಆ ಬಟ್ಟೆ ಈ ಕಾಗದದ ಜೊತೆ ಕಳಿಸ್ತಿದೀನಿ, ಪೇಟೆ ಬಟ್ಟೆ, ಹೊಸದು, ಹೆದರಬೇಡ. ಬೇಕು ಅಂತಲೇ ಹೇಳ್ತಿದೀನಿ, ತರಬೇಡ. ನೋಡಿ ಹೋಗೋಕೂ ತರಬೇಡ. ತಂದ್ರೆ ವಾಪಸ್ ಕಳಿಸೋ ಶಕ್ತಿ ನನಗಿಲ್ಲ. ಎತ್ಕೊಂಡುಬಿಡ್ತೀನಿ, ನಾಳೆ ಅದಕ್ಕೆ ಈ ಊರಿನ ಹಾಲು ಕುಡಿಸಿಬಿಡ್ತೀನಿ.

ನೀವೂ ಇಲ್ಲಿಗೇ ಬಂದುಬಿಡಿ ಅಂತ ಬರೀತೀಯ, ನನಗೆ ಗೊತ್ತು. ನಿಮ್ಮಣ್ಣ ಬರಲ್ಲ. ನಾನು ಕೇಳಿದೆ. ಆಗಲ್ಲ ಅಂತ ತಲೆ ಆಡಿಸಿದ್ರು ಅಷ್ಟೇ. ಅವರನ್ನ ಬಿಟ್ಟು ನಾನು ಬರಲ್ಲ. ನಾವು ತಿಂದಾಗಿದೆ, ಇನ್ನೆಲ್ಲಿದ್ರೇನು.

ಹೆಸರು ನೀವೇ ಇಡಿ. ನಿಮ್ಮಣ್ಣ ಒಂದು ಹೆಸರು ಯೋಚನೆ ಮಾಡಿದ್ರು, ನನಗೆ ಹೇಳಿದ್ರು. ನಾನು ಬರೆಯಲ್ಲ. ಬರೆದ್ರೆ ನೀನು ಅದನ್ನೇ ಇಡ್ತೀಯ, ನಾನು ಇಲ್ಲಿ ಕೂತು ಅದನ್ನೇ ಕರೀತಾ ಇರ್ತೀನಿ. ಇನ್ನು ಹಾಲು ಕೊಡುವಾಗ ಗೋಡೆ ನೋಡಬೇಡ. ಅವಳ ಮುಖ ನೋಡು.

ತೊಲೆಯಿಂದ ಮಾಂಸ ಇಳಿಸಿದೆ. ನಾಯಿಗಳು ತೋಡದ ಹಾಗೆ ಆಳವಾಗಿ ಗುಂಡಿ ತೆಗೆದು, ಮೇಲೆ ಕಲ್ಲು ಹೇರಿದೀನಿ. ನಿಮ್ಮಣ್ಣನೂ ಬಂದು ಕಲ್ಲು ಎತ್ತಿಕೊಟ್ರು. ನಿನ್ನ ಪಾಲು ಮಣ್ಣಿಗೆ ಹಾಕಿದೀನಿ, ಬೇಜಾರು ಮಾಡ್ಕೋಬೇಡ. ನನ್ನ ಪಾಲು ನಿನ್ನ ಹತ್ತಿರವೇ ಇರಲಿ. ನಾನು ಬರಲ್ಲ, ಅವಳನ್ನ ಕಾಯಿಸಬೇಡ.

ನಿನ್ನ ಅತ್ತಿಗೆ
ಬಾತಿಮಾ